ಮೇಣ ಕರಗಿಸಿದ ದಿನಗಳು

ನವೆಂಬರ್ ೮

ಅಮ್ಮನಿಗೆ ಮರೆವು ಹಿಡಿದದ್ದು ಅರವತ್ತೊಂದನೆಯ ವಯಸ್ಸಿನಲ್ಲಿ. ನನಗೆ ಹೋದ ವಾರ ಅರವತ್ತೊಂದು ತುಂಬಿತು. ಹೆಂಡತಿ ಲೊರೇನ್ ಆಕ್ರೋಟ ತುಂಬಿದ ಸಿಹಿ ರೊಟ್ಟಿ, ಪೊತೀತ್ಸ, ಮಾಡಿದ್ದಳು. ಎರಡು ತುಂಡು ತಿಂದೆ, ನಕ್ಕೆ, ಅವಳಿಗೆ ಮುತ್ತು ಕೊಟ್ಟೆ. ಆಮೇಲೆ ಗ್ಯಾರೇಜಿಗೆ ಬಂದು ಒಲೆಯ ಮುಂದೆ ಕೂತು ಅಮ್ಮನ ವಯಸ್ಸನ್ನು ಲೆಕ್ಕ ಹಾಕಿದೆ.

ಡಾಕ್ಟರು ಅಮ್ಮನಿಗೆ ಮೂರು ಪದ ಹೇಳಿ, ಐದು ನಿಮಿಷ ಬಿಟ್ಟು ಕೇಳಿದ್ದರು. ಅಮ್ಮ ನಗುನಗುತ್ತಾ, "ನಿಮ್ಮ ಮನೇಲಿ ಎಲ್ಲಾರೂ ಚೆನ್ನಾಗಿದಾರಾ ಡಾಕ್ಟ್ರೇ?" ಎಂದು ಮಾತು ತಿರುಗಿಸಿದ್ದಳು. ಅದಕ್ಕೂ ಮೊದಲು ಎರಡು ವರ್ಷ ಅವಳು ಹೀಗೇ ಮಾತು ತಿರುಗಿಸಿ ನಮ್ಮನ್ನೆಲ್ಲ ನಂಬಿಸಿದ್ದಳು. ಅವತ್ತು ಕಾರಿನಲ್ಲಿ ನಾನು ಅವಳನ್ನು ಸುಳ್ಳಿ ಎಂದು ಬೈದಿದ್ದೆ. ಹೆತ್ತ ತಾಯಿಯನ್ನು.

ಹಾಗಾಗಿ ನನ್ನನ್ನು ನಾನೇ ಪರೀಕ್ಷೆ ಮಾಡಿಕೊಳ್ಳುತ್ತೇನೆ. ದಿನಾ ಪುಟದ ಕೊನೆಗೆ ಮೂರು ಪದ ಬರೆಯುವುದು, ಮರುದಿನ ಪುಸ್ತಕ ತೆರೆಯುವ ಮೊದಲು ನೆನಪು ಮಾಡಿಕೊಳ್ಳುವುದು. ಪುಸ್ತಕ ಇಲ್ಲೇ, ನಾನು ಅಕಾರ್ಡಿಯನ್ ರಿಪೇರಿ ಮಾಡುವ ಗ್ಯಾರೇಜಿನಲ್ಲಿ, ರೀಡುಗಳ ಡ್ರಾಯರಿನಲ್ಲಿ ಇರುತ್ತದೆ. ಲೊರೇನ್ ಇಲ್ಲಿಗೆ ಬರುವುದು ಊಟಕ್ಕೆ ಕರೆಯಲು ಮಾತ್ರ, ಅದೂ ಬಾಗಿಲಿನಿಂದಾಚೆ ನಿಂತು.

ಸುತ್ತಿಗೆ, ನಿಂಬೆಹಣ್ಣು, ಸೇತುವೆ.

ನವೆಂಬರ್ ೯

ಸುತ್ತಿಗೆ, ನಿಂಬೆಹಣ್ಣು, ಸೇತುವೆ. ಮೂರಕ್ಕೆ ಮೂರು. ಸದ್ಯ!

ನವೆಂಬರ್ ೧೫

ಇವತ್ತು ಫಾನಿ ಮ್ರಾಕ್ ಬಂದಿದ್ದರು. ಎಂಬತ್ತನಾಲ್ಕು ವಯಸ್ಸು. ಗಂಡ ಹೋಗಿ ಆರು ವರ್ಷವಾಯಿತು. ಅವನ ಗುಂಡಿ ಅಕಾರ್ಡಿಯನ್ ಅನ್ನು ಕಂಬಳಿಯಲ್ಲಿ ಸುತ್ತಿ ಮಗುವಿನ ಹಾಗೆ ಎತ್ತಿಕೊಂಡು ತಂದರು.

"ಫೆಬ್ರವರಿ ಹದಿನಾಲ್ಕಕ್ಕೆ ಸಂಘದ ಮನೇಲಿ ಕುಣಿತ ಇದೆ ಲೂಡಿ. ನಾನೇ ನುಡಿಸೋದು. ಅಷ್ಟ್ರಲ್ಲಿ ಇದ್ರ ಗಂಟ್ಲು ಸರಿ ಮಾಡು."

"ನಿಮ್ಮ ಗಂಡ ಅಟ್ಟದ ಮೇಲಿಟ್ಟು ಇದನ್ನ ಸಾಯಿಸಿದಾರಲ್ಲಮ್ಮ."

"ಅವ್ನು ಸತ್ತ್ಮೇಲೂ ಬಯ್ಸ್ಕೋಬೇಕಾ? ಮಾಡ್ತೀಯೋ ಇಲ್ವೋ?"

ಮಾಡುತ್ತೇನೆ ಎಂದೆ. ಬಿಚ್ಚಿ ನೋಡಿದರೆ ಒಳಗೆ ರೀಡುಗಳನ್ನು ಹಿಡಿದಿಟ್ಟಿದ್ದ ಮೇಣವೆಲ್ಲ ಸೀಳಿಹೋಗಿದೆ. ಸ್ವರ ಹೊರಡಿಸುವ ಈ ಲೋಹದ ನಾಲಿಗೆಗಳು ನೂರಕ್ಕೂ ಹೆಚ್ಚು. ಒಂದೊಂದನ್ನೂ ತೆಗೆದು ತೊಳೆದು, ಜೇನುಮೇಣಕ್ಕೆ ರಾಳ ಬೆರೆಸಿ ಕರಗಿಸಿ ಮತ್ತೆ ಕೂರಿಸಬೇಕು. ಆಮೇಲೆ ಶ್ರುತಿ ಮಾಡಬೇಕು. ಕೂರಿಸಿದ ಮೇಣ ಒಮ್ಮೆ ಶೀತ ತಿಂದರೆ ಗಾಜಿನಂತೆ ಒಡೆಯುತ್ತದೆ. ಗೋಡೆಯ ಉಷ್ಣಮಾಪಕದಲ್ಲಿ ನಾನೊಂದು ಕೆಂಪು ಗೆರೆ ಎಳೆದಿದ್ದೇನೆ. ಚಳಿಗಾಲ ಮುಗಿಯುವವರೆಗೆ, ಹಗಲೂ ರಾತ್ರಿ, ಪಾದರಸ ಅದಕ್ಕಿಂತ ಕೆಳಗೆ ಇಳಿಯಬಾರದು. ಇಲ್ಲಿ ಬೆಚ್ಚಗಿರುವುದು ಅಕಾರ್ಡಿಯನ್ನು. ಲೊರೇನಳ ಕಾರು ಹೊರಗೆ ಹಿಮದಲ್ಲಿ ನಡುಗುತ್ತದೆ. ಅದನ್ನು ಅವಳು ವರ್ಷಕ್ಕೆ ನಲವತ್ತು ಸಲ ಹೇಳುತ್ತಾಳೆ.

ಮಧ್ಯಾಹ್ನ ಮೇಣದಬತ್ತಿ ಹಚ್ಚಿ ಗೋಡೆಯುದ್ದಕ್ಕೂ ಹಿಡಿದು ನಡೆದೆ. ಜ್ವಾಲೆ ಬಾಗಿದಲ್ಲೆಲ್ಲ ಸಂದು ಮುಚ್ಚಿದೆ. ದೊಡ್ಡ ಬಾಗಿಲಿಗೆ ಪ್ಲಾಸ್ಟಿಕ್, ಅದರ ಮೇಲೆ ಹಳೆಯ ರಜಾಯಿ. ಕೊನೆಗೆ ಒಂದೇ ತೂತು ಉಳಿಯಿತು. ಅದು ಒಲೆಯ ಹಿಂದೆ, ಉತ್ತರದ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ನಾನೇ ಇಟ್ಟಿರುವ ಕೊಳವೆ. ಒಲೆಗೂ ಉಸಿರು ಬೇಕಲ್ಲ. ಆಮೇಲೆ ಮತ್ತೊಂದು ಸುತ್ತು ಬಂದೆ. ಜ್ವಾಲೆ ಬೇರೆಲ್ಲೂ ಅಲುಗಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಪದಗಳು ನೆನಪಿದ್ದವು. ಇವತ್ತಿನವು: ಗರಗಸ, ಕೊಡೆ, ಮೀನು.

ನವೆಂಬರ್ ೨೯

ಗೋಡೆಯ ಮೇಲೆ ಲೊರೇನ್ ಹಾಕಿಸಿದ ಎಚ್ಚರಿಕೆ ಗಂಟೆ ಇದೆ. ಹೊಗೆಗೂ ಕೆಟ್ಟ ಗಾಳಿಗೂ ಅದೇ. ಬ್ಯಾಟರಿ ಮುಗಿಯಿತೆಂದು ನಿಮಿಷಕ್ಕೊಂದು ಸಲ ಕೀಂ ಎನ್ನುತ್ತಿತ್ತು. ಸುಮ್ಮನೆ ಕೀಂ ಅಂದಿದ್ದರೆ ಸಹಿಸಬಹುದಿತ್ತು. ಅದು ನನ್ನ ಶ್ರುತಿಗಿಂತ ಕೂದಲೆಳೆಯಷ್ಟು ಕೆಳಗೆ ಕೂಗುತ್ತಿತ್ತು. ಅದನ್ನು ಕೇಳಿ ಕೇಳಿ ನನ್ನ ಕಿವಿಯೇ ಇಳಿಯಿತು, ಕೂರಿಸುವ ಮೊದಲು ಒರಟು ಶ್ರುತಿಗೆಂದು ತೆಗೆದ ನಾಲ್ಕು ರೀಡುಗಳನ್ನು ತಪ್ಪು ಕೆರೆದೆ. ಗಂಟೆಯನ್ನೇ ಬಿಚ್ಚಿ ಮೊಳೆಗಳ ಡ್ರಾಯರಿಗೆ ಹಾಕಿದೆ. ಶನಿವಾರ ಪೇಟೆಗೆ ಹೋದಾಗ ಹೊಸ ಬ್ಯಾಟರಿ ತರಬೇಕು.

ಡಿಸೆಂಬರ್ ೭

ಮೊದಲ ದೊಡ್ಡ ಹಿಮ. ಅಪ್ಪ ಮಾಡುತ್ತಿದ್ದಂತೆ ಗ್ಯಾರೇಜಿನ ಗೋಡೆಗಳಿಗೆ ಸೊಂಟದವರೆಗೆ ಹಿಮ ಒಟ್ಟಿ ತಟ್ಟಿದೆ. ಹಿಮದಷ್ಟು ಬೆಚ್ಚಗಿನ ಕಂಬಳಿ ಈ ಊರಿನಲ್ಲಿ ಯಾವ ಅಂಗಡಿಯಲ್ಲೂ ಸಿಗದು. ಮೂರು ಗೋಡೆ ಮುಗಿಸುವಷ್ಟರಲ್ಲಿ ಭುಜ ಕೈ ಕೊಟ್ಟಿತು. ಉತ್ತರದ ಗೋಡೆ ಹಾಗೇ ಉಳಿಯಿತು.

ಡಿಸೆಂಬರ್ ೧೦

ಬೆಳಗ್ಗೆ ನೋಡಿದರೆ ಗ್ಯಾರೇಜು ಹೊದ್ದು ಮಲಗಿದೆ. ಉತ್ತರದ ಗೋಡೆಗೂ ಹಿಮ ಒಟ್ಟಿದೆ, ಎದೆಯವರೆಗೆ, ಹಲಗೆಯಿಂದ ತಟ್ಟಿ ನುಣುಪು ಮಾಡಿದೆ. ಪಕ್ಕದ ಮನೆಯ ಆರ್ವಿಡ್ ಕೊಸ್ಕಿಯ ಕೆಲಸ. ಗಣಿಯಲ್ಲಿ ಮೂವತ್ತು ವರ್ಷ ಒಂದೇ ಪಾಳಿಯಲ್ಲಿ ದುಡಿದೆವು. ಅವನ ಬಾಯಿಂದ ನಾನು ಕೇಳಿದ್ದು ಮುನ್ನೂರು ಮಾತೂ ಇರಲಿಕ್ಕಿಲ್ಲ. ಉಪಕಾರ ಮಾಡುತ್ತಾನೆ, ಮಾಡಿದೆ ಎನ್ನುವುದಿಲ್ಲ. ನಾವೂ ಕೇಳಬಾರದು, ಕೇಳಿದರೆ ಮುಖ ಕೆಂಪಾಗಿ ಎದ್ದು ಹೋಗುತ್ತಾನೆ. ಲೊರೇನ್ ಅರ್ಧ ಪೊತೀತ್ಸವನ್ನು ಬಟ್ಟೆಯಲ್ಲಿ ಕಟ್ಟಿ ಅವನ ಮೆಟ್ಟಿಲ ಮೇಲಿಟ್ಟು ಬಂದಳು. ಲೆಕ್ಕ ಚುಕ್ತಾ.

ಉಷ್ಣಮಾಪಕ ಕೆಂಪು ಗೆರೆಗಿಂತ ಬಹಳ ಮೇಲಿದೆ. ಒಳಗೆ ಅಂಗಿಯಲ್ಲೇ ಕೂರಬಹುದು.

ಕೀಲಿ, ಹಸು, ಕಾಗದ.

ಡಿಸೆಂಬರ್ ೧೩

ಫಾನಿಯ ಅಕಾರ್ಡಿಯನ್ನಿಗೆ ಮೊದಲ ಬಾರಿಗೆ ಮೇಣ ಕರಗಿಸಿದೆ. ರಾಳದ ಹೊಗೆ ಲೊರೇನಳಿಗೆ ಆಗದು, ಅದಕ್ಕೇ ಕಿಟಕಿಯಲ್ಲಿ ಹೊರಕ್ಕೆ ದಬ್ಬುವ ಫ್ಯಾನು ಹಾಕಿಸಿದ್ದಾಳೆ. ಮೇಣದ ದಿನ ಅದು ಇಡೀ ದಿನ ತಿರುಗುತ್ತದೆ. ಶ್ರುತಿಯ ದಿನ ಸದ್ದು ಆಗದು, ನಿಲ್ಲಿಸಿಡುತ್ತೇನೆ.

ಇಪ್ಪತ್ತಾರು ರೀಡು ಕೂರಿಸಿದೆ. ಸಂಜೆ ತಲೆ ಸಿಡಿಯಿತು. ಕನ್ನಡಕ ಬದಲಿಸಬೇಕೋ ಏನೋ.

ಹತ್ತರಂದು ಬರೆದ ಪದಗಳಲ್ಲಿ ಹಸು ನೆನಪಾಯಿತು. ಉಳಿದೆರಡು ಇಲ್ಲ.

ಡಿಸೆಂಬರ್ ೧೪

ಇವತ್ತೂ ಮೇಣ. ನಿನ್ನೆಯ ಪದ ಒಂದೂ ನೆನಪಿಲ್ಲ. ಪುಸ್ತಕ ತೆರೆದು ಆ ಮೂರು ಪದಗಳನ್ನು ನೋಡಿದರೆ ಯಾರೋ ಬೇರೆಯವರು ಬರೆದಿಟ್ಟಂತಿತ್ತು. ಅಕ್ಷರ ಮಾತ್ರ ನನ್ನದೇ. ಬಂತು ಅಂದುಕೊಂಡೆ. ಅಮ್ಮನದು ನನಗೂ ಬಂತು.

ಊಟಕ್ಕೆ ಕೂತಾಗ ಲೊರೇನ್, "ಯಾಕೋ ಮಂಕಾಗಿದೀಯಾ?" ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, "ಯಾರು ಮಂಕು? ನಾನ್ಯಾಕೆ ಮಂಕಾಗ್ಲಿ?" ಎಂದು ಕೂಗಿದೆ. ಅವಳು ನನ್ನ ತಟ್ಟೆಗೆ ಸಾರು ಬಡಿಸಿದಳು.

ಡಿಸೆಂಬರ್ ೨೭

ಕ್ರಿಸ್‌ಮಸ್ ಹಬ್ಬಕ್ಕೆ ನಾಲ್ಕು ದಿನ ಲೊರೇನಳ ತಂಗಿಯ ಮನೆಯಲ್ಲಿದ್ದೆವು. ಒಲೆಗೆ ಕಟ್ಟಿಗೆ ಹಾಕಿ ಹೋಗಲು ಆರ್ವಿಡ್ ಇದ್ದ. ಪುಸ್ತಕ ಒಯ್ದಿರಲಿಲ್ಲ, ಪದಗಳನ್ನು ಅಂಗೈ ಮೇಲೆ ಬರೆದು ಅಳಿಸುತ್ತಿದ್ದೆ. ನಾಲ್ಕು ದಿನ, ಹನ್ನೆರಡು ಪದ, ಹನ್ನೆರಡೂ ಈಗಲೂ ನೆನಪಿವೆ! ಇಸ್ಪೀಟಿನಲ್ಲಿ ನಾದಿನಿಯನ್ನು ಎರಡು ಸಲ ಸೋಲಿಸಿದೆ. ತಲೆನೋವೂ ಇಲ್ಲ.

ಹಬ್ಬದ ಊಟದ ಗುಣವಿರಬೇಕು. ಅಥವಾ ಈ ಕಾಯಿಲೆ ಹೀಗೆಯೇ ಆಟ ಆಡಿಸುತ್ತದೆ. ಅಮ್ಮನಿಗೂ ಒಳ್ಳೆಯ ದಿನಗಳಿರುತ್ತಿದ್ದವು. ಒಳ್ಳೆಯ ದಿನಗಳೇ ನಮ್ಮನ್ನು ಮೋಸ ಮಾಡಿದ್ದು.

ಜನವರಿ ೫

ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ. ಮೇಣದ ಕೆಲಸ. ಆರ್ವಿಡ್ ಬಂದು ಬಾಗಿಲಲ್ಲಿ ನಿಂತ. ನಾನು, "ಬಾರೋ ಯಾಂಕೊ, ಬಾಗಿಲು ಹಾಕು, ಶೀತ ಬರತ್ತೆ" ಎಂದೆ.

ಯಾಂಕೊ ನನ್ನ ತಮ್ಮ. ಗಣಿಯಲ್ಲಿ ಸತ್ತು ಇಪ್ಪತ್ತೆರಡು ವರ್ಷವಾಯಿತು.

ಆರ್ವಿಡ್ ತಿದ್ದಲಿಲ್ಲ. ಒಳಗೂ ಬರಲಿಲ್ಲ. ನನ್ನನ್ನು ನೋಡಿ, "ಕಟ್ಟಿಗೆ ಸಾಕಾ?" ಎಂದ. ಸಾಕು ಎಂದೆ. ಹೋದ. ಅವನು ಲೊರೇನಳಿಗೆ ಹೇಳಿಬಿಟ್ಟರೆ? ಹೇಳಲಾರ, ಅವನು ಹೇಳುವವನಲ್ಲ. ದೇವರು ಅವನ ನಾಲಿಗೆಯನ್ನು ಹೀಗೇ ಕಟ್ಟಿಟ್ಟಿರಲಿ.

ಜನವರಿ ೯

ಶ್ರುತಿ ಮಾಡಿದ ದಿನ. ಕಿವಿ ಚುರುಕಾಗಿತ್ತು. ಹೋದ ವಾರ ಕೂರಿಸಿದ ಸಾಲು ಸೊಗಸಾಗಿ ಹಾಡಿತು. ಪದ ಮೂರಕ್ಕೆ ಎರಡು. ಸ್ವಲ್ಪ ಧೈರ್ಯ ಬಂತು.

ಜನವರಿ ೧೨

ಬಂದ ಧೈರ್ಯ ಹೋಯಿತು. ಫಾನಿ ಒಂದು ಕಡೆಯ ಗುಂಡಿಗಳನ್ನು ನುಡಿಸಿ ನೋಡಲು ಬಂದರು. ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು, ಕೈಗವಸು ಬಿಚ್ಚಿ, ತಿದಿ ಎಳೆದರು. ಎರಡು ಸಾಲು ನುಡಿಸಿ ನಿಲ್ಲಿಸಿದರು.

"ಲೂಡಿ, ಇದು ನಗೋ ಕಡೆ ಅಳ್ತಾ ಇದೆಯಲ್ಲೋ."

ನೋಡಿದರೆ ಆರು ರೀಡುಗಳು ಅದಲು ಬದಲು. ಪ್ರತಿಯೊಂದಕ್ಕೂ ಸಂಖ್ಯೆ ಬರೆದಿಟ್ಟಿದ್ದೇನೆ. ಸಂಖ್ಯೆ ಓದಿಕೊಂಡೇ ತಪ್ಪು ಮನೆಯಲ್ಲಿ ಕೂರಿಸಿದ್ದೇನೆ. ಮೂವತ್ತು ವರ್ಷದಲ್ಲಿ ಒಂದು ರೀಡನ್ನೂ ಹೀಗೆ ಕೂರಿಸಿದವನಲ್ಲ ನಾನು.

"ವಯಸ್ಸಾಯ್ತು ಫಾನಿಯಮ್ಮ" ಎಂದು ನಕ್ಕೆ.

ಅವರು ನಗಲಿಲ್ಲ. "ನಿನ್ನ ತಾಯಿನೂ ಹಂಗೇ ಅಂತಿದ್ಲು" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ಆ ಮಾತು ಇನ್ನೂ ಎದೆಯಲ್ಲಿ ಚುಚ್ಚುತ್ತಿದೆ.

ಜನವರಿ ೧೬

ಫ್ಯಾನು. ಮೇಣ. ಏಳನೆಯ ಸಾಲು ಮುಗಿಯಿತು. ಏಳನೆಯ ಸಾಲು ಮುಗಿಯಿತು, ಊಟ ಆಯಿತೋ ಇಲ್ಲವೋ. ಒಲೆ ಸರಿಯಾಗಿ ಉರಿಯುತ್ತಿಲ್ಲ, ಸೋಮಾರಿ ಕೆಂಡ, ನೀಲಿ ನಾಲಿಗೆ. ಕಟ್ಟಿಗೆ ಹಸಿ ಇರಬೇಕು. ಅಮ್ಮ ಬಂದಿದ್ದಳು ಅನಿಸಿತು. ಇಲ್ಲ, ಅದು ರಜಾಯಿ.

ಪದ: ಸೇತುವೆ. ಸೇತುವೆ ಹಳೆಯದು.

ಜನವರಿ ೧೬ (೧೮ ಇರಬೇಕು)

ರೀಡು ಕೆರೆಯುವ ಸಣ್ಣ ಉಳಿ ಕಾಣಲಿಲ್ಲ. ಒಳಗೆ ಹೋಗಿ, "ನನ್ನ ಸಾಮಾನು ಯಾಕೆ ಮುಟ್ತೀಯಾ?" ಎಂದು ಲೊರೇನಳ ಮೇಲೆ ಹರಿಹಾಯ್ದೆ.

ಅವಳು ಹಿಟ್ಟು ನಾದುತ್ತಿದ್ದಳು. ಕೈ ತೆಗೆಯದೆ, "ನಿನ್ನ ಕಿವಿ ಮೇಲಿದೆ" ಎಂದಳು.

ಉಳಿ ಕಿವಿಯ ಮೇಲೇ ಇತ್ತು, ಪೆನ್ಸಿಲ್ ಸಿಕ್ಕಿಸಿದ ಹಾಗೆ. ಬೇರೆ ದಿನವಾಗಿದ್ದರೆ ಒಂದು ವಾರ ಇದನ್ನೇ ಹೇಳಿ ಹೇಳಿ ಅಣಕಿಸುತ್ತಿದ್ದಳು. ಇವತ್ತು ಅಣಕಿಸಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಜನವರಿ ೨೧

ಹೇಳಿಬಿಟ್ಟೆ.

ನಾನಾಗಿ ಹೇಳಿದ್ದಲ್ಲ. ಮಧ್ಯಾಹ್ನ ಗ್ಯಾರೇಜಿನಿಂದ ಮನೆಗೆ ಹೊರಟವನು ಅಂಗಳದಲ್ಲಿ ನಿಂತುಬಿಟ್ಟೆನಂತೆ, ಟೊಪ್ಪಿಯಿಲ್ಲದೆ, ಕೈಯಲ್ಲಿ ಮೇಣದ ಚಮಚ ಹಿಡಿದು. ಲೊರೇನ್ ಬಂದು ತೋಳು ಹಿಡಿದು ಒಳಗೆ ಕೂರಿಸಿದಳು.

"ಲೂಡಿ, ಒಂದೂವರೆ ತಿಂಗ್ಳಿಂದ ನೋಡ್ತಿದೀನಿ. ಏನು ಮುಚ್ಚಿಡ್ತಿದೀಯಾ? ಗಡ್ಡೆ ಗಿಡ್ಡೆ ಏನಾದ್ರೂ ಅಂದ್ರಾ ಡಾಕ್ಟ್ರು?"

"ಇಲ್ಲ."

"ಮತ್ತೆ?"

"ಅಮ್ಮನ ಕಾಯ್ಲೆ."

ಅವಳು ಕುರ್ಚಿ ಎಳೆದುಕೊಂಡು ಕೂತಳು. ಎಲ್ಲ ಹೇಳಿದೆ, ಮೂರು ಪದಗಳ ವಿಷಯ, ಯಾಂಕೊ ಎಂದು ಕರೆದದ್ದು, ಆರು ರೀಡು. ಅಮ್ಮನನ್ನು ಕಾರಿನಲ್ಲಿ ಬೈದದ್ದನ್ನೂ ಹೇಳಿದೆ. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಕೊನೆಗೆ ಮೇಜಿಗೆ ಹಣೆ ಇಟ್ಟು ಅತ್ತೆ. ಗಣಿಯಲ್ಲಿ ಯಾಂಕೊನನ್ನು ಮೇಲೆ ತಂದಾಗಲೂ ಹೀಗೆ ಅತ್ತಿರಲಿಲ್ಲ.

ಅವಳು ನನ್ನ ತಲೆಯ ಮೇಲೆ ಕೈ ಇಟ್ಟುಕೊಂಡೇ ಇದ್ದಳು. "ಆಯ್ತು ಬಿಡು. ನೀನು ಮರೆತದ್ದನ್ನ ನಾನು ನೆನಪಿಟ್ಕೋತೀನಿ. ನಿನ್ನ ಅಮ್ಮಂಗೆ ಆ ಅನುಕೂಲ ಇರ್ಲಿಲ್ಲ ಪಾಪ, ಎಲ್ರೂ ಬಯ್ಯೋರೇ. ನಾಳೆಯಿಂದ ನಾನೂ ಗ್ಯಾರೇಜಿಗೆ ಬರ್ತೀನಿ. ನಂಬರು ನಾನು ಓದ್ತೀನಿ, ನೀನು ಕೂರಿಸು. ಫಾನಿಯಮ್ಮನ ಕುಣಿತ ನಿಲ್ಬಾರ್ದು. ಸೋಮವಾರ ಡಾಕ್ಟ್ರ ಹತ್ರ ಹೋಗೋಣ."

ಕಾಯಿಲೆ ಇದ್ದಲ್ಲೇ ಇದೆ, ಹೆದರಿಕೆಯೂ ಹೋಗಿಲ್ಲ. ಆದರೂ ಎಷ್ಟೋ ದಿನದ ಮೇಲೆ ಇವತ್ತು ಹಸಿವಾಯಿತು.

ಜನವರಿ ೨೬

ಆದದ್ದನ್ನೆಲ್ಲ ಬರೆದಿಡಬೇಕು.

ಇಪ್ಪತ್ತೆರಡರ ಬೆಳಗ್ಗೆ ಲೊರೇನ್ ಏಪ್ರನ್ ಕಟ್ಟಿಕೊಂಡು, ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಬಂದಳು. ನಾನು ಒಲೆ ತುಂಬಿಸಿದೆ, ಫ್ಯಾನು ಹಾಕಿದೆ, ಮೇಣ ಕರಗಿಸಿದೆ. ಅವಳು ಎತ್ತರದ ಸ್ಟೂಲಿನ ಮೇಲೆ ಕೂತು ಕಾಗದ ನೋಡಿ ಸಂಖ್ಯೆ ಓದುತ್ತಾ ಹೋದಳು. ಚೆನ್ನಾಗಿ ನಡೆಯಿತು. ನಡುನಡುವೆ ಕುಚೋದ್ಯ ಬೇರೆ: "ಮೂವತ್ತು ವರ್ಷದಿಂದ ಇಲ್ಲಿ ಏನೋ ದೊಡ್ಡ ವಿದ್ಯೆ ಮಾಡ್ತಿದೀಯಾ ಅನ್ಕೊಂಡಿದ್ದೆ. ಅಂಟು ಹಚ್ಚೋದಾ?"

ಊಟದ ಹೊತ್ತಿಗೆ ಎದ್ದೆವೋ ಇಲ್ಲವೋ ನೆನಪಿಲ್ಲ. ಅವಳು ಹಣೆ ಒತ್ತಿಕೊಂಡದ್ದು ನೆನಪಿದೆ. "ನಲವತ್ತೇಳು" ಎಂದಳು. ಕೂರಿಸಿದೆ. "ನಲವತ್ತೇಳು" ಎಂದಳು. ಅದಾಯಿತು ಎಂದೆ. ಮತ್ತೆ, "ನಲವತ್ತೇಳು."

"ಲೊರೇನ್, ಅದಾಯ್ತು."

"ಇದು ಯಾರ್ದು?"

"ಫಾನಿಯಮ್ಮಂದು."

"ಫಾನಿಯಮ್ಮ ಯಾರು?"

ಈ ಊರಿನಲ್ಲಿ ಯಾರ ನಾಯಿ ಯಾವತ್ತು ಮರಿ ಹಾಕಿತು ಎಂದು ಹೇಳಬಲ್ಲವಳು ಅವಳು. ನನಗೆ ರಕ್ತ ಕುದಿಯಿತು. ನಿನ್ನೆ ತಾನೇ ಮೇಜಿನ ಮೇಲೆ ತಲೆಯಿಟ್ಟು ಅತ್ತವನನ್ನು ಇವತ್ತು ಅಣಕಿಸುತ್ತಿದ್ದಾಳೆ ಅಂದುಕೊಂಡೆ. ಅವಳ ಮುಖ ಹೇಗಿತ್ತು ಎಂದು ನೋಡಲೂ ಇಲ್ಲ. "ನಂದು ನಿಂಗೆ ತಮಾಷೆ ಆಗೋಯ್ತಾ?" ಎಂದು ಕಿರುಚಿ, ಚಮಚ ಎಸೆದು, ಚಿಕ್ಕ ಬಾಗಿಲನ್ನು ಒದ್ದು ಹೊರಗೆ ಬಂದೆ.

ಹೊರಗೆ ಮೂಗು ಸೀಳುವ ಚಳಿ. ಅಂಗಳದ ಕೊನೆಯವರೆಗೆ ಬೈದುಕೊಳ್ಳುತ್ತಾ ನಡೆದೆ, ಅಲ್ಲೇ ಹಿಮದಲ್ಲಿ ಕೂತೆ. ಉಸಿರು ಎಳೆದಷ್ಟೂ ತಲೆ ತಿಳಿಯಾಗುತ್ತಾ ಬಂತು. ಅವಳು ಹಿಂದೆಯೇ ಬರುತ್ತಾಳೆ, ಮೂವತ್ತಾರು ವರ್ಷದಲ್ಲಿ ಒಂದು ಜಗಳದಲ್ಲೂ ಕೊನೆಯ ಮಾತು ನನಗೆ ಬಿಟ್ಟವಳಲ್ಲ ಎಂದು ಕಾದೆ. ಬರಲಿಲ್ಲ.

ಆಗ ಹೊಳೆಯಿತು. ಅಮ್ಮನ ಕಾಯಿಲೆ ನನಗೆ ಬರಬಹುದು. ಲೊರೇನಳಿಗೆ ಒಂದೇ ಬೆಳಗಿನಲ್ಲಿ ಹೇಗೆ ಬಂತು?

ಓಡಿದೆ. ಎರಡು ಸಲ ಬಿದ್ದೆ. ಅವಳು ಸ್ಟೂಲಿನಿಂದ ಜಾರಿ ನೆಲದಲ್ಲಿದ್ದಳು, ಕಾಗದ ಕೈಯಲ್ಲೇ ಇತ್ತು, ಕೆನ್ನೆ ಮಾತ್ರ ಕೆಂಪಗೆ. ಕಂಕುಳಿಗೆ ಕೈ ಹಾಕಿ ಎಳೆದೆ. ಭುಜ ಲಟಕ್ಕೆಂದಿತು, ಬಿಡಲಿಲ್ಲ. ಹೊಸ್ತಿಲು ದಾಟಿಸಿ, ಹಿಮದ ಮೇಲೆ ಮಲಗಿಸಿ, "ಆರ್ವಿಡ್! ಆರ್ವಿಡ್!" ಎಂದು ಕೂಗಿದೆ. ಹೆಸರು ಸರಿಯಾಗಿಯೇ ಬಾಯಿಗೆ ಬಂತು.

ಆಸ್ಪತ್ರೆಯಲ್ಲಿ ಇಬ್ಬರ ಮೂಗಿಗೂ ಗಾಳಿಯ ಮುಖವಾಡ ಹಾಕಿದರು. ನನ್ನನ್ನು ಮರುದಿನ ಬಿಟ್ಟರು. ಅವಳು ಎರಡು ದಿನ ಕಣ್ಣು ಬಿಡಲಿಲ್ಲ. ಆ ಎರಡು ದಿನದ ಬಗ್ಗೆ ಬರೆಯಲಾರೆ.

ಮೂರನೆಯ ದಿನ ಕಣ್ಣು ಬಿಟ್ಟು, "ಒಲೆ ಮೇಲೆ ಏನಾದ್ರೂ ಇಟ್ಟಿದೀನಾ?" ಎಂದಳು.

ಜನವರಿ ೨೯

ಅಗ್ನಿಶಾಮಕದವನು ಬಂದು ಎಲ್ಲ ನೋಡಿದ. ಉತ್ತರದ ಗೋಡೆಯ ಕೊಳವೆ ಹಿಮದಡಿ ಕಲ್ಲಿನಂತೆ ಮುಚ್ಚಿಹೋಗಿತ್ತು. ಒಲೆಗೆ ಉಸಿರಿಲ್ಲ, ಬೇರೆ ಸಂದು ಒಂದೂ ನಾನು ಉಳಿಸಿಲ್ಲ. ಫ್ಯಾನು ಹಾಕಿದಾಗಲೆಲ್ಲ ಅದು ಚಿಮಣಿಯಿಂದಲೇ ಗಾಳಿ ಕೆಳಗೆಳೆದು, ಕೆಂಡದ ವಿಷಗಾಳಿಯನ್ನು ಕೋಣೆಗೆ ತುಂಬುತ್ತಿತ್ತು. ಬಣ್ಣವಿಲ್ಲ, ವಾಸನೆಯಿಲ್ಲ.

"ಯಜಮಾನ್ರೇ, ಗೋಡೆ ಮೇಲೆ ಒಂದು ಗಂಟೆನಾದ್ರೂ ಬೇಡ್ವಾ?" ಎಂದ.

ಮೊಳೆಗಳ ಡ್ರಾಯರು ಎಳೆದು ತೋರಿಸಿದೆ. ಅವನು ಬರೆದುಕೊಂಡು ಹೋದ.

ಅವನು ಹೋದಮೇಲೆ ಗ್ಯಾರೇಜಿನ ಹಿಂದೆ ಕೆರೆಯುವ ಸದ್ದು. ಆರ್ವಿಡ್ ಬರಿಗೈಯಲ್ಲಿ ಕೊಳವೆಯ ಸುತ್ತ ಹಿಮ ಕೀಳುತ್ತಿದ್ದ. ಬೆರಳ ತುದಿಗಳಲ್ಲಿ ರಕ್ತ.

"ಸಾಕು ಬಿಡೋ ಮಾರಾಯ, ಸಲಿಕೆ ತರ್ತೀನಿ."

ಅವನು ತಿರುಗಲಿಲ್ಲ. "ಹಿಮ ಹಾಕಿದ್ದು ನಾನು" ಎಂದ.

ಐವತ್ತು ವರ್ಷದ ಪರಿಚಯದಲ್ಲಿ ತಾನು ಮಾಡಿದ್ದೊಂದನ್ನು ಅವನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು.

"ಗಂಟೆ ಬಿಚ್ಚಿದ್ದು ನಾನು" ಎಂದೆ.

"ನನ್ನ ಯಾಂಕೊ ಅಂದೆ ನೀನು. ಅವತ್ತೇ ಲೊರೇನ್‌ಗೆ ಹೇಳ್ಬೇಕಿತ್ತು. ಹೇಳ್ಲಿಲ್ಲ. ಅವ್ನ ಮನೆ ವಿಷ್ಯ ನಂಗ್ಯಾಕೆ ಅನ್ಕೊಂಡೆ." ಮೂಗು ಒರೆಸಿಕೊಂಡ. "ಬಾಯಿ ಮುಚ್ಕೊಂಡಿದ್ದು ತಪ್ಪಾಯ್ತು ಲೂಡಿ."

ಅವನ ನಾಲಿಗೆ ಕಟ್ಟಿರಲಿ ಎಂದು ದೇವರಲ್ಲಿ ಬೇಡಿದವನು ನಾನೇ. ಅದನ್ನು ಅವನಿಗೆ ಹೇಳಲಿಲ್ಲ. ಇಬ್ಬರೂ ಪಕ್ಕಪಕ್ಕ ಮಂಡಿಯೂರಿ ಕತ್ತಲಾಗುವವರೆಗೆ ಆ ಗೋಡೆ ಬಿಡಿಸಿದೆವು.

ಒಂದು ವಾರದಿಂದ ಒಲೆ ಹಚ್ಚಿಲ್ಲ. ಒಳಗೆ ಪಾದರಸ ಕೆಂಪು ಗೆರೆಗಿಂತ ಎಷ್ಟೋ ಕೆಳಗೆ. ಮೇಣ ಒಡೆದು ರೀಡುಗಳೆಲ್ಲ ಉದುರಿದ ಹಲ್ಲುಗಳ ಹಾಗೆ ಬೆಂಚಿನ ಮೇಲೆ ಬಿದ್ದಿವೆ.

ಫೆಬ್ರವರಿ ೩

ಲೊರೇನ್ ಮನೆಗೆ ಬಂದಳು. ನಡೆಯುತ್ತಾಳೆ, ತಿನ್ನುತ್ತಾಳೆ, ಬೈಯುತ್ತಾಳೆ. ಆದರೆ ಆ ವಾರ ಪೂರ್ತಿ ಅವಳ ತಲೆಯಿಂದ ಅಳಿಸಿಹೋಗಿದೆ. ಮರಳಿದರೆ ಮರಳಬಹುದು, ಹೇಳಲಾಗದು ಎನ್ನುತ್ತಾರೆ ಡಾಕ್ಟರು. ನನ್ನ ಬಗ್ಗೆ ಕೇಳಿದೆ. "ಗಾಳಿಯಿಂದ ಆದದ್ದೆಷ್ಟು, ಬೇರೆಯದೆಷ್ಟು ಅಂತ ಈಗ್ಲೇ ಗೊತ್ತಾಗಲ್ಲ. ಏಪ್ರಿಲ್‌ನಲ್ಲಿ ಬನ್ನಿ, ನೋಡೋಣ" ಎಂದರು.

ಸಂಜೆ ಅವಳು ಕಂಬಳಿ ಹೊದ್ದು ಕೂತು ಕೇಳಿದಳು: "ಅಲ್ಲ, ನಾನು ಗ್ಯಾರೇಜಿಗೆ ಯಾಕೆ ಬಂದಿದ್ದೆ?"

"ನಂಬರು ಓದೋಕೆ."

"ಇಷ್ಟು ವರ್ಷದಲ್ಲಿ ಒಂದಿನಾನೂ ಕರೆದೋನಲ್ಲ ನೀನು. ಯಾಕೆ ಕರೆದೆ?"

"ಭುಜ ನೋಯ್ತಿತ್ತು" ಎಂದೆ.

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಅಷ್ಟು ಕಷ್ಟಪಟ್ಟು ಹೇಳಿದ್ದನ್ನು ಅವಳು ಕೇಳಿಯೇ ಇಲ್ಲದಂತಾಗಿದೆ. ಅಮ್ಮನನ್ನು ಬೈದದ್ದನ್ನು ಬಲ್ಲವರು ಮತ್ತೆ ಯಾರೂ ಇಲ್ಲ. ಏಪ್ರಿಲ್‌ವರೆಗೆ ಸುಮ್ಮನಿದ್ದರೆ ಏನು ಹೋಯಿತು ಎನಿಸುತ್ತದೆ. ಅಮ್ಮನೂ ಹೀಗೆಯೇ ಅಂದುಕೊಂಡಿರಬೇಕು.

ಫೆಬ್ರವರಿ ೬

ಅಡುಗೆಮನೆಯೇ ಈಗ ನನ್ನ ಕಾರ್ಖಾನೆ. ಮೇಣವನ್ನು ಮಾತ್ರ ಆರ್ವಿಡ್ ತನ್ನ ಜಗುಲಿಯಲ್ಲಿ ಕರಗಿಸಿ ಓಡುತ್ತಾ ತಂದುಕೊಡುತ್ತಾನೆ. ಫಾನಿಯಮ್ಮ ದಿನಾ ಬಂದು ಕೂತು ತಾವೇ ಸಂಖ್ಯೆ ಓದುತ್ತಾರೆ. "ಕುಣಿತ ಮುಂದಕ್ಕೆ ಹಾಕಿ ಅಮ್ಮ" ಎಂದರೆ, "ನನ್ನ ವಯಸ್ಸಲ್ಲಿ ಯಾವ್ದನ್ನೂ ಮುಂದಕ್ಕೆ ಹಾಕೋಕಾಗಲ್ಲ ಕಣೋ" ಎನ್ನುತ್ತಾರೆ. ಆರು ದಿನದ ಕೆಲಸ ಮೂರು ದಿನದಲ್ಲಿ ಆಗಿದೆ. ಒಂದೂ ತಪ್ಪಿಲ್ಲ.

ಆದರೂ ರಾಳದ ವಾಸನೆ ಬಂದರೆ ಬೆವರುತ್ತೇನೆ. ಲೊರೇನ್ ಸ್ವಲ್ಪ ಹೊತ್ತು ಮಾತಾಡದಿದ್ದರೆ ಎದ್ದು ಹೋಗಿ ಅವಳ ಮುಖ ನೋಡಿ ಬರುತ್ತೇನೆ. ಅಡುಗೆಮನೆಯ ಗೋಡೆಯ ಮೇಲೆ ಎರಡು ಗಂಟೆ ಹಾಕಿದ್ದೇನೆ, ಗ್ಯಾರೇಜಿನಲ್ಲಿ ಮೂರು.

ಇವತ್ತು ಇಷ್ಟು ಬರೆದಮೇಲೆ ಈ ಪುಸ್ತಕವನ್ನು ಡ್ರಾಯರಿನಲ್ಲಿ ಇಡುವುದಿಲ್ಲ. ಅವಳ ಕನ್ನಡಕದ ಪಕ್ಕದಲ್ಲಿಡುತ್ತೇನೆ. ಇನ್ನೊಮ್ಮೆ ಬಾಯಲ್ಲಿ ಹೇಳುವ ಧೈರ್ಯ ನನಗಿಲ್ಲ. ಓದಲಿ.

ಫೆಬ್ರವರಿ ೧೦

ಪುಸ್ತಕವನ್ನು ಅವಳು ನಾಲ್ಕು ದಿನ ಇಟ್ಟುಕೊಂಡಿದ್ದಳು. ನಾನು ಕೇಳಲಿಲ್ಲ. ಊಟಕ್ಕೆ ಕೂತಾಗ ಮುಖ ನೋಡಲಾಗದೆ ತಟ್ಟೆ ನೋಡಿಕೊಂಡು ತಿಂದೆ.

ಇವತ್ತು ಬೆಳಗ್ಗೆ ಕಾಫಿ ಬಗ್ಗಿಸುತ್ತಾ, "ನೀನು ಅಷ್ಟೆಲ್ಲಾ ಅತ್ತಾಗ ನಾನೇನಂದೆ ಅಂತ ಓದಿದೆ. ಚೆನ್ನಾಗೇ ಅಂದಿದೀನಿ" ಎಂದಳು.

"ಹೂಂ."

"ಅದು ನಂಗೆ ನೆನಪಿಲ್ಲ. ಅದಕ್ಕೇ ಇನ್ನೊಂದ್ಸಲ ಹೇಳ್ತೀನಿ, ಕೇಳು. ನೀನು ಮರೆತದ್ದನ್ನ ನಾನು ನೆನಪಿಟ್ಕೋತೀನಿ. ನಾನು ಮರೆತದ್ದನ್ನ ನೀನು. ಇಬ್ರೂ ಮರೆತ್ರೆ ಆರ್ವಿಡ್ ಇದಾನೆ, ಈಗ ಬಾಯಿ ಬಂದಿದೆ ಅವ್ನಿಗೆ."

ನಾನು ಲೋಟ ಕೆಳಗಿಟ್ಟೆ.

"ಇವತ್ತಿನ ಮೂರು ಪದ ನಾನು ಕೊಡ್ತೀನಿ" ಎಂದಳು. "ಸಂಜೆ ಕೇಳ್ತೀನಿ. ಕೊಳವೆ. ಗಂಟೆ. ಮೂರ್ಖ."

ದಿನವಿಡೀ ಹೆದರುತ್ತಲೇ ಇದ್ದೆ. ಕಟ್ಟಿಗೆ ಒಡೆಯುವಾಗ, ಕೊಳವೆಯ ಬಾಯಿ ಗುಡಿಸುವಾಗ, ಒಳಗೊಳಗೇ ಹೇಳಿಕೊಳ್ಳದೆ ಇರಲು ಪ್ರಯತ್ನಪಟ್ಟೆ. ಹೇಳಿಕೊಂಡರೆ ಮೋಸವಾಗುತ್ತದೆ.

ಸಂಜೆ ಅವಳು ಸಾರು ಬಡಿಸಿ, ಸೌಟು ಕೆಳಗಿಟ್ಟು, ನನ್ನ ಮುಖ ನೋಡಿದಳು.

"ಕೊಳವೆ" ಎಂದೆ. "ಗಂಟೆ." ಆಮೇಲೆ ಒಂದು ಕ್ಷಣ ಏನೂ ಬರಲಿಲ್ಲ.

"ನಾನು" ಎಂದೆ.

ಅವಳು ಸರಿ ಎಂದು ಒಪ್ಪಿಕೊಂಡಳು.